ಒಂದು ತಿಂಡಿಯ ಹೆಸರು

ಒಂದು ನಾಡಿನ ಚರಿತ್ರೆಯನ್ನು ತಿಳಿಯಬೇಕಾದಾಗ ನಾವು ಶಾಸನಗಳನ್ನೂ ಕೌಲುಕರಾರುಗಳನ್ನೂ ಶೋಧಿಸುವುದು ವಾಡಿಕೆ. ಅಡಿಗೆಯ ಮನೆಯನ್ನು ಹೊಕ್ಕು ನೋಡುವುದು ಅಪೂರ್ವ. ಆದರೆ ಕಾಗದಪತ್ರಗಳು ಬಿಟ್ಟುಬಿಟ್ಟ ಸಂಗತಿಯನ್ನು ತಿಂಡಿಯೊಂದರ ಹೆಸರು ಜೋಪಾನವಾಗಿ ಇಟ್ಟುಕೊಂಡಿರುವುದುಂಟು. ಮೆಡಿಟರೇನಿಯನ್ ಸಮುದ್ರತೀರದ, ಸಿಹಿಯಲ್ಲದ ಟಾರ್ಟುಗಳಲ್ಲಿ ಒಂದನ್ನು ತೆಗೆದುಕೊಂಡು ಈ ಮಾತನ್ನು ಪರೀಕ್ಷಿಸೋಣ.

ಫ್ರಾನ್ಸ್ ದೇಶದ ಆಗ್ನೇಯ ಮೂಲೆಯಲ್ಲಿ, ಇಟಲಿಯ ಗಡಿಗೆ ಸಮೀಪವಾಗಿ, ನೀಸ್ ಪಟ್ಟಣವಿದೆ. ಅಲ್ಲಿನ ಪ್ರಸಿದ್ಧವಾದ ಟಾರ್ಟಿಗೆ ಪಿಸ್ಸಲಾದಿಯೇರ್ ಎಂದು ಹೆಸರು. ನಮ್ಮ ಹೋಳಿಗೆಯಲ್ಲಿ ಕಣಕವು ಹೂರಣವನ್ನು ಮುಚ್ಚಿಕೊಂಡಿರುವುದಷ್ಟೆ, ಇಲ್ಲಿ ಹಾಗಲ್ಲ. ಹುದುಗು ಬಂದ ರೊಟ್ಟಿಯ ಹಿಟ್ಟನ್ನು ಅಗಲವಾಗಿ ತಟ್ಟಿ, ಹೂರಣವನ್ನು ಮೇಲೆ ತೆರೆದೇ ಹರಡುವರು. ಹೂರಣವೆಂದರೆ ಮುಖ್ಯವಾಗಿ ಈರುಳ್ಳಿ. ಅದನ್ನು ರಾಶಿಯಾಗಿ ಹೆಚ್ಚಿ, ಆಲಿವ್ ಎಣ್ಣೆಯಲ್ಲಿ, ಸೀಯಗೊಡದೆ, ಸಣ್ಣ ಉರಿಯ ಮೇಲೆ ಬಹಳ ಹೊತ್ತು ಬೇಯಿಸಿದರೆ ಕರಗಿ ಸಿಹಿಯಾಗುವುದು. ಅದನ್ನು ಹರಡಿ, ಆ ಪ್ರಾಂತದ ಸಣ್ಣ ಕರಿಯ ಆಲಿವ್ ಕಾಯಿಗಳನ್ನಿಟ್ಟು, ಭಟ್ಟಿಯಲ್ಲಿ ಬೇಯಿಸುವರು.

ಹೆಸರು ಮಾತ್ರ ಈರುಳ್ಳಿಯಿಂದ ಬಂದುದಲ್ಲ. ನೀಸಿನ ದೇಶಭಾಷೆಯಲ್ಲಿ 'ಪೇಯ್ಸ್ ಸಲಾತ್' ಎಂದರೆ ಉಪ್ಪು ಹಾಕಿದ ಮೀನು. ಆ ಮಾತೇ ಸವೆದು 'ಪಿಸ್ಸಲಾ' ಎಂದಾಯಿತು. ಆಂಕೊವಿ, ಸಾರ್ಡೀನ್ ಎಂಬ ಸಣ್ಣ ಮೀನುಗಳ ಮರಿಗಳನ್ನು ಉಪ್ಪು, ಲವಂಗ, ಮೆಣಸುಗಳೊಡನೆ ಜಾಡಿಯಲ್ಲಿ ತುಂಬಿ, ಆಗಾಗ ಕಲಕುತ್ತ, ಕೆಲವು ವಾರಗಳ ಕಾಲ ಮಾಗಿಸಿದರೆ ಗೊಜ್ಜಿನಂತಹ ಪದಾರ್ಥವಾಗುವುದು. ಈರುಳ್ಳಿಯೊಡನೆ ಇದನ್ನು ಸೇರಿಸುತ್ತಿದ್ದುದರಿಂದಲೇ ತಿಂಡಿಗೆ ಆ ಹೆಸರು.

ಗಡಿಯನ್ನು ದಾಟಿ ಇಟಲಿಯ ಲಿಗೂರಿಯಾ ಪ್ರಾಂತಕ್ಕೆ ಹೋದರೆ ಇದರ ದಾಯಾದಿಗಳು ಸಿಕ್ಕುತ್ತವೆ. ಸಾನ್ ರೆಮೊ ಪಟ್ಟಣದಲ್ಲಿ ಅದು ಸರ್ದೆನಾಯ್ರ. ಒನೇಲ್ಯದ ಕಡೆ ಪಿಶಲಾಂದ್ರೇಯ. ಅಲ್ಲಿ ಟೊಮೇಟೊ ಸೇರಿ ತಿಂಡಿಯ ಮುಖ ಕೆಂಪಾಗುವುದು. ನಡುವೆ ಇರುವ ಮಾಂತೋನ್ ಊರಿನ ಪಿಶಾದ್ ಎಂಬುದರಲ್ಲಿಯೂ ಈರುಳ್ಳಿಯೊಡನೆ ಟೊಮೇಟೊ ಉಂಟು.

ಈ ಊರುಗಳ ಒಡೆತನವಾದರೋ ಹಲವು ಕೈ ಬದಲಾಯಿಸಿತು. 1388ರಲ್ಲಿ ಸವೊಯ್ ಅರಸರ ಆಶ್ರಯಕ್ಕೆ ಬಂದ ನೀಸ್, ನಡುವೆ ಕೆಲವು ಕಾಲ ಫ್ರೆಂಚರ ವಶವಾಗಿದ್ದುದನ್ನು ಬಿಟ್ಟರೆ, 1860ರ ವರೆಗೂ ಆ ವಂಶದ ಆಳ್ವಿಕೆಯಲ್ಲಿತ್ತು. ಆ ವರ್ಷದ ಟ್ಯೂರಿನ್ ಕೌಲಿನಿಂದ ಅದು ಫ್ರಾನ್ಸಿಗೆ ಸೇರಿತು. ನೀಸಿನಲ್ಲಿಯೇ 1807ರಲ್ಲಿ ಹುಟ್ಟಿದ ವೀರ ಗ್ಯಾರಿಬಾಲ್ಡಿ ಅದನ್ನು ಎಷ್ಟು ವಿರೋಧಿಸಿದರೂ ಫಲವಾಗಲಿಲ್ಲ. ಮರುವರ್ಷ ಮೊನಾಕೊ ರಾಜನು ಮಾಂತೋನ್ ಮತ್ತು ರೋಕ್‌ಬ್ರೂನ್‌ಗಳ ಮೇಲಿನ ಹಕ್ಕನ್ನು 40 ಲಕ್ಷ ಫ್ರಾಂಕುಗಳಿಗೆ ಬಿಟ್ಟುಕೊಟ್ಟನು. ಗಡಿಯ ಗೆರೆ ಹೀಗೆ ಸರಿದರೂ, ಅದರ ಎರಡು ಕಡೆಯ ಭಟ್ಟಿಗಳಲ್ಲಿಯೂ ಹಿಟ್ಟು, ಮೀನು, ಆಲಿವ್‌ಗಳು ಮೊದಲಿನಂತೆಯೇ ಕೂಡಿಕೊಂಡಿದ್ದುವು.

ಪಿಶಲಾಂದ್ರೇಯ ಎಂಬ ಹೆಸರಿಗೆ ಲಿಗೂರಿಯಾದಲ್ಲಿ ಒಂದು ಕಥೆಯುಂಟು. ಒನೇಲ್ಯದಲ್ಲಿ 1466ರಲ್ಲಿ ಹುಟ್ಟಿ, ಜಿನೋವಾ ಗಣರಾಜ್ಯದ ನೌಕಾಧಿಪತಿಯಾಗಿ ಕೀರ್ತಿಗೊಂಡ ಆಂದ್ರೇಯ ದೋರಿಯನಿಗೆ ಇದು ಬಹು ಪ್ರಿಯವಾಗಿತ್ತಂತೆ. ಆದುದರಿಂದ ಅವನ ಹೆಸರೇ ಇದಕ್ಕೆ ಬಂದಿತಂತೆ! ಕಥೆ ಸೊಗಸಾಗಿದೆ, ಆದರೆ ಕಾಲಗಣನೆ ಅದಕ್ಕೆ ಒಪ್ಪದು. ದೋರಿಯನು ತೀರಿಕೊಂಡುದು 1560ರಲ್ಲಿ. ಅಮೆರಿಕದಿಂದ ಬಂದ ಟೊಮೇಟೊವನ್ನು ಇಟಲಿಯ ಸಸ್ಯಶಾಸ್ತ್ರಜ್ಞ ಮತ್ತಿಯೋಲಿ ವರ್ಣಿಸಿದುದು 1544ರಲ್ಲಿ. ಅದನ್ನು ಹಾಕಿ ಮಾಡುವ ಅಡಿಗೆಯ ಕ್ರಮ ಇಟಲಿಯಲ್ಲಿ ಅಚ್ಚಾದುದು ಹದಿನೇಳನೆಯ ಶತಮಾನದ ಕೊನೆಗೆ, ನೇಪಲ್ಸಿನ ಲಾತೀನಿಯ ಗ್ರಂಥದಲ್ಲಿ. ಈಗಿನ ಕೆಂಪು ತಿಂಡಿಯನ್ನು ಆ ಮಹಾಶಯನು ಸವಿದಿರುವುದು ದುರ್ಲಭ. 'ಪಿಸ್ಸಲಾ' ಎಂಬ ಮೀನಿನ ಮಾತನ್ನೇ ಜನರು ತಮಗೆ ಪರಿಚಿತವಾದ ವೀರನ ಹೆಸರಿಗೆ ಹೊಂದಿಸಿಕೊಂಡರೆಂದು ತಿಳಿಯುವುದೇ ಯುಕ್ತ.

ನಾವು ಗಮನಿಸಬೇಕಾದುದು ಇದು. ಸೇನಾಧಿಪತಿಗೆ ಅವನ ಜಯಗಳು ಸಾಲದೆ ತಿಂಡಿಯ ಕೀರ್ತಿಯೂ ಲಭಿಸಿತು; ಮರಿಮೀನುಗಳನ್ನು ಉಪ್ಪಿನಲ್ಲಿ ಮಾಗಿಸಿ ಅಡಿಗೆಗೆ ಒದಗಿಸಿದವರಿಗೆ ಯಾವ ಪ್ರತಿಮೆಯೂ ಇಲ್ಲ. ಈಗ ನೀಸಿನಲ್ಲಿಯೂ ಪಿಸ್ಸಲಾ ಮಾಡುವವರು ವಿರಳ. ಅದರ ಸ್ಥಾನದಲ್ಲಿ ಆಂಕೊವಿ ಮೀನಿನ ತುಂಡುಗಳನ್ನಿಟ್ಟು ತೃಪ್ತರಾಗುವವರೇ ಹೆಚ್ಚು. ಪದಾರ್ಥ ಮರೆಯಾಗುತ್ತಿದ್ದರೂ ಹೆಸರು ಉಳಿದಿದೆ. ಅಂಗಡಿಯಲ್ಲಿ ಒಂದು ತುಂಡು ಪಿಸ್ಸಲಾದಿಯೇರ್ ಕೇಳುವವನು, ತಾನರಿಯದೆಯೇ, ಆ ಉಪ್ಪುಮೀನಿನವರ ಕಸುಬನ್ನು ಬಾಯಿತುಂಬ ಹೇಳುತ್ತಾನೆ.