ಲೆಕ್ಕದ ಮಾವ ಮತ್ತು ಒಂದು ಹೆಸರಿನ ಚರಿತ್ರೆ

ನಮ್ಮೂರು ಕುಡತಿನಿ. ಬಳ್ಳಾರಿಯಿಂದ ಹೊಸಪೇಟೆಗೆ ಬಸ್ಸಲ್ಲಿ ಹೋದವರು ನೋಡಿರ್ತೀರಿ, ಥರ್ಮಲ್ ಸ್ಟೇಷನ್ನಿನ ಚಿಮಣಿಗಳು ಕಾಣೋ ಊರು. ಹೊರಗಿನವರಿಗೆ ಕುಡತಿನಿ ಅಂದ್ರೆ ಬೂದಿ. ನಮ್ಮಲ್ಲಿ ಬೂದಿ ಎರಡು ಥರ. ಒಂದು ಥರ್ಮಲ್‌ನದು, ಹೊಸದು. ಇನ್ನೊಂದು ಸಾವಿರಾರು ವರ್ಷ ಹಳೆಯದು, ಚರಿತ್ರೆಯ ಪುಸ್ತಕಗಳಲ್ಲಿ ಬರೋ ಬೂದಿದಿಬ್ಬ.

ಆ ದಿಬ್ಬದ ಕಥೆ ನನಗೆ ಚಿಕ್ಕಂದಿನಿಂದ ಇಷ್ಟ. ನಮ್ಮ ಸೀಮೆಯ ಇಂಥ ದಿಬ್ಬಗಳನ್ನು ಜನ ರಾಕ್ಷಸರನ್ನು ಸುಟ್ಟ ಬೂದಿ ಅಂತಿದ್ದರು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯ ಚಿತೆ ಅಂತ ಹೇಳುವುದುಂಟು. ಬ್ರಿಟಿಷ್ ಸಾಹೇಬರು ಬಂದು ತಲೆಗೊಂದು ಊಹೆ ಮಾಡಿದರು. ಇದೆಲ್ಲ ದನದ ಸಗಣಿ ಸುಟ್ಟ ಬೂದಿ ಅಂತ ರಾಬರ್ಟ್ ಬ್ರೂಸ್ ಫೂಟ್ ಹೇಳಿದಾಗ ಎಲ್ಲರೂ ಒಪ್ಪಲಿಲ್ಲ. 1963ರಲ್ಲಿ ಆಲ್ಚಿನ್ ಬರೆದ ಪುಸ್ತಕ ಬಂದ ಮೇಲೆ, ಇವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳು ಅನ್ನೋ ಮಾತು ಗಟ್ಟಿಯಾಯಿತು. ದಿಬ್ಬ ಇದ್ದಲ್ಲೇ ಇತ್ತು. ಸರಿಯಾದ ಹೆಸರು ಸಿಗೋಕೆ ಅಷ್ಟು ಕಾಲ ಬೇಕಾಯ್ತು.

ಇವತ್ತು ಬರೆಯಲು ಕೂತಿದ್ದು ದಿಬ್ಬದ ಬಗ್ಗೆ ಅಲ್ಲ. ಇದೇ ಥರ ಬಹಳ ಕಾಲ ತಪ್ಪು ಹೆಸರಲ್ಲಿ ಕರೆಸಿಕೊಂಡ ಇನ್ನೊಂದು ಸಂಗತಿ ಬಗ್ಗೆ. ಅದು ನಮ್ಮ ಮನೆಯಲ್ಲೇ ಇತ್ತು.

ನನ್ನ ಅವ್ವನ ಅಣ್ಣ, ನಮ್ಮ ದೊಡ್ಡಮಾವ. ಊರಲ್ಲಿ ಎಲ್ಲರೂ ಅವನನ್ನು ಕರೀತಿದ್ದುದು ಲೆಕ್ಕದ ಮಾವ ಅಂತ. ಎರಡನೇ ಮಹಾಯುದ್ಧದ ಕಾಲಕ್ಕೆ ಹುಟ್ಟಿದವನು, ಅಜ್ಜಿ ಲೆಕ್ಕದಲ್ಲಿ. ಮಾತು ಬಹಳ ಕಡಿಮೆ. ಕಣ್ಣಿಗೆ ಕಣ್ಣು ಕೊಟ್ಟು ನೋಡ್ತಿರಲಿಲ್ಲ. ಬೆಳಿಗ್ಗೆ ಎದ್ದವನೇ ರೈಲ್ವೆ ಸ್ಟೇಷನ್ ಬಳಿ ಹೋಗಿ ಕೂರೋನು, ಗೂಡ್ಸ್ ಗಾಡಿ ಬಂದರೆ ಡಬ್ಬಿ ಎಣಿಸೋನು. ಸಂಜೆ ಬಂದು ಅಜ್ಜಿ ಮುಂದೆ ಬರೀ ಸಂಖ್ಯೆ ಹೇಳೋನು. ಅಜ್ಜಿ "ಹೌದೇನಪಾ" ಅಂದ್ರೆ ಊಟಕ್ಕೆ ಕೂರೋನು. ಅನ್ನೋದು ಮರೆತರೆ ಊಟ ಇಲ್ಲ!

ಊರವರು ಇದಕ್ಕೆ ಹುಚ್ಚು ಅಂದರು. ಅಜ್ಜಿ ಬಸುರಿಯಿದ್ದಾಗ ಗ್ರಹಣ ನೋಡಿದಳು, ಅದಕ್ಕೇ ಹೀಗಾಯ್ತು ಅಂದರು. ಅಜ್ಜಿ ಸಾಯುವ ತನಕ ಆ ಮಾತನ್ನ ನಂಬಿದ್ದಳು.

ಮಾವನಂಥದ್ದೇ ಗುಣಗಳು ಈಗ ನನ್ನ ತಂಗಿಯ ಮಗನಲ್ಲಿ ಕಾಣಿಸಿದವು. ಪುಟ್ಟ ಅಂತ ಇಟ್ಟುಕೊಳ್ಳಿ, ಆರು ವರ್ಷ. ಥರ್ಮಲ್‌ಗೆ ಬರೋ ಕಲ್ಲಿದ್ದಲಿನ ಗಾಡಿಗಳ ಡಬ್ಬಿ ಎಣಿಸ್ತಾನೆ. ಮಾತು ತಡವಾಗಿ ಬಂತು, ಬಂದಿದ್ದೂ ನಾವು ಹೇಳಿದ್ದನ್ನೇ ತಿರುಗಿ ಹೇಳೋದು. ಶಾಲೆಯಲ್ಲಿ ಐದು ನಿಮಿಷ ಕೂರಲ್ಲ. ತಂಗಿಗೆ ಊರವರು ಕೊಟ್ಟ ಕಾರಣ ಈ ಸಲ ಗ್ರಹಣ ಅಲ್ಲ, ಮೊಬೈಲು. "ಅವ್ವ ನೌಕ್ರಿಗೆ ಹೊಕ್ಕಾಳ, ಹುಡುಗ್ನ ಕೈಯಾಗ ಫೋನ್ ಕೊಟ್ಟು" ಅಂತ. ಕಾಲ ಬದಲಾಯ್ತು, ಆರೋಪಿ ಬದಲಾಗಲಿಲ್ಲ ನೋಡಿ.

ಸರ್ಕಾರಿ ಆಸ್ಪತ್ರೆಯೊಂದರಲ್ಲಿ ತೋರಿಸಿದ್ದಾಯ್ತು. "ಗಂಡು ಹುಡುಗರು ತಡ ಮಾತಾಡ್ತಾರೆ, ಹೋಗಿ" ಅಂದರು. ಇನ್ನೊಂದು ಕಡೆ ಹೆಸರು ಬರೆಸಿ ತಿಂಗಳುಗಟ್ಟಲೆ ಕಾದೆವು. ಕೊನೆಗೆ ಬೆಂಗಳೂರಿನ ಒಂದು ಖಾಸಗಿ ಕೇಂದ್ರದಲ್ಲಿ ತಪಾಸಣೆ ಮಾಡಿಸೋದು ಅಂತ ತೀರ್ಮಾನ ಆಯ್ತು. ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ರಾತ್ರಿಯಿಡೀ ಪುಟ್ಟ ಮಲಗಲಿಲ್ಲ, ತಂಗಿಯೂ ಮಲಗಲಿಲ್ಲ. ಫೀಸು, ಲಾಡ್ಜು, ರೈಲು ಎಲ್ಲ ಸೇರಿ ಭಾವನ ಒಂದು ತಿಂಗಳ ಪಗಾರ ದಾಟಿತು.

ನಿದ್ದೆ ಬರದೆ ನಾನು ಆವತ್ತು ಯೋಚಿಸ್ತಿದ್ದುದು ಅಮೆರಿಕದ ಒಂದು ಮಗುವಿನ ಬಗ್ಗೆ. ಓದಿದ್ದೆ ಸ್ವಲ್ಪ, ಹೇಳ್ತೀನಿ ಕೇಳಿ.

ಮಿಸಿಸಿಪ್ಪಿ ರಾಜ್ಯದಲ್ಲಿ ಫಾರೆಸ್ಟ್ ಅಂತ ಒಂದು ಸಣ್ಣ ಊರು. ಅಲ್ಲಿ 1933ರಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ಅನ್ನೋ ಹುಡುಗ ಹುಟ್ಟಿದ. ಅವನಿಗೂ ಅಂಕಿಗಳೆಂದರೆ ಪ್ರಾಣ, ಜನರೆಂದರೆ ಅಷ್ಟಕ್ಕಷ್ಟೆ. ಡಾಕ್ಟರ ಮಾತು ಕೇಳಿ ಅಪ್ಪ ಅಮ್ಮ ಮೊದಲು ಅವನನ್ನು ಒಂದು ಸಂಸ್ಥೆಯಲ್ಲಿ ಬಿಟ್ಟು ಬಂದಿದ್ದರು. 1938ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ ಬಳಿ ಕರೆದುಕೊಂಡು ಹೋದರು. ಅದಕ್ಕೂ ಮುಂಚೆ ಅಪ್ಪ ಮಗನ ಬಗ್ಗೆ 33 ಪುಟದ ಕಾಗದ ಟೈಪ್ ಮಾಡಿಸಿ ಕಳಿಸಿದ್ದ. ಅಪ್ಪ ವಕೀಲ, ತಾಯಿಯ ಕಡೆಯವರು ಬ್ಯಾಂಕಿನ ಒಡೆಯರು. 1943ರಲ್ಲಿ ಕ್ಯಾನರ್ ಇಂಥ 11 ಮಕ್ಕಳ ಬಗ್ಗೆ ಲೇಖನ ಬರೆದ. ಅದರಲ್ಲಿ ಮೊದಲನೆಯವನು ಡೊನಾಲ್ಡ್. ಆಟಿಸಂ ಅನ್ನೋದು ಒಂದು ಪ್ರತ್ಯೇಕ ಸಂಗತಿಯಾಗಿ ಪ್ರಸಿದ್ಧಿಗೆ ಬಂದಿದ್ದು ಹೀಗೆ. (ಮಾಸ್ಕೋದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ 1920ರ ದಶಕದಲ್ಲೇ ಇಂಥ ಮಕ್ಕಳ ಬಗ್ಗೆ ಬರೆದಿದ್ದಳು, ಬಹುಕಾಲ ಯಾರೂ ಗಮನಿಸಲಿಲ್ಲ. ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಬರೆದದ್ದು 1944ರಲ್ಲಿ.)

ಡೊನಾಲ್ಡ್‌ಗೂ ನಮ್ಮ ಮಾವನಿಗೂ ಹತ್ತು ವರ್ಷದ ಅಂತರ ಇರಬಹುದು. ಡೊನಾಲ್ಡ್ ಬ್ಯಾಂಕಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿ, ದೇಶ ಸುತ್ತಿ 2023ರಲ್ಲಿ ತೀರಿಕೊಂಡ. ಮಾವನ ಕಥೆ ಆಮೇಲೆ ಹೇಳ್ತೀನಿ.

ಇಲ್ಲಿ ಒಂದು ಎಡವಟ್ಟು ಆಯ್ತು. ಕ್ಯಾನರ್ ಹತ್ತಿರ ಬಂದವರೆಲ್ಲ ಓದಿದ, ಅನುಕೂಲಸ್ಥ ಮನೆಯವರು. ಅಷ್ಟು ದೂರ ಬರೋಕೆ, ಅಷ್ಟು ಬರೆದು ಕಳಿಸೋಕೆ ಅಂಥವರಿಗೇ ಸಾಧ್ಯ ಇದ್ದದ್ದು. ಆದರೆ ಆತನಿಗೆ ಕಂಡಿದ್ದು ಬೇರೆ. ಓದಿದ ತಂದೆ ತಾಯಿಗಳು, ಮಕ್ಕಳ ಮೇಲೆ ಬೆಚ್ಚನೆ ಪ್ರೀತಿ ಕಡಿಮೆ, ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಬರೆದ. ಮಗು ಹುಟ್ಟುತ್ತಲೇ ಹೀಗಿರುತ್ತೆ ಅಂತಲೂ ಅವನೇ ಬರೆದಿದ್ದ. ಲೋಕ ಎತ್ತಿಕೊಂಡಿದ್ದು ಮೊದಲನೆಯ ಮಾತನ್ನ. "ರೆಫ್ರಿಜರೇಟರ್ ತಾಯಿ" ಅನ್ನೋ ಬಿರುದು ಹುಟ್ಟಿತು, ತಣ್ಣಗಿನ ತಾಯಿಯಿಂದಲೇ ಮಗು ಹೀಗೆ ಅಂತ. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಇದೇ ಅರ್ಥದ ಪುಸ್ತಕ ಬರೆದು ಹೆಸರು ಮಾಡಿದ. ಗ್ರಹಣ, ಫ್ರಿಜ್ಜು, ಮೊಬೈಲು... ಅಮೆರಿಕ ಇರಲಿ ಕುಡತಿನಿ ಇರಲಿ, ಕಟಕಟೆಯಲ್ಲಿ ನಿಂತವಳು ತಾಯಿಯೇ.

ಇದನ್ನು ಮುರಿದವನು ಒಬ್ಬ ಅಪ್ಪ. ಬರ್ನಾರ್ಡ್ ರಿಮ್ಲ್ಯಾಂಡ್, ಅಮೆರಿಕದ ನೌಕಾಪಡೆಯ ಮನಶ್ಶಾಸ್ತ್ರಜ್ಞ, ಆಟಿಸಂ ಇದ್ದ ಮಗುವಿನ ತಂದೆ. ಇದು ಮಿದುಳಿನ ಬೆಳವಣಿಗೆಯ ಸಂಗತಿ, ಸಾಕಿದ್ದರ ತಪ್ಪಲ್ಲ ಅಂತ 1964ರಲ್ಲಿ ಪುಸ್ತಕ ಬರೆದ. 1969ರಲ್ಲಿ ಸ್ವತಃ ಕ್ಯಾನರ್ ಇಂಥ ಮಕ್ಕಳ ಪಾಲಕರ ಸಭೆಯಲ್ಲಿ ನಿಂತು, ನಿಮ್ಮದೇನೂ ತಪ್ಪಿಲ್ಲ ಅಂತ ಅವರನ್ನು ದೋಷಮುಕ್ತಗೊಳಿಸಿದ. 1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟ್ಟರ್ ಅವಳಿ ಮಕ್ಕಳ ಅಧ್ಯಯನ ಮಾಡಿ, ಇದರಲ್ಲಿ ವಂಶವಾಹಿಯ ಪಾಲು ದೊಡ್ಡದು ಅಂತ ತೋರಿಸಿದರು.

ಬೆಂಗಳೂರಿಗೆ ವಾಪಸ್ ಬರ್ತೀನಿ. ತಪಾಸಣೆ ಅಂದ್ರೆ ರಕ್ತ ತೆಗೀತಾರೆ, ಸ್ಕ್ಯಾನ್ ಮಾಡ್ತಾರೆ ಅಂದುಕೊಂಡಿದ್ದೆವು. ಇಲ್ಲ, ಆಟಿಸಂಗೆ ಅಂಥ ಪರೀಕ್ಷೆಯೇ ಇಲ್ಲ. ಮೊದಲು ಕಿವಿ ಸರಿಯಾಗಿ ಕೇಳುತ್ತಾ ನೋಡಿದರು. ಆಮೇಲೆ ತಂಗಿಯನ್ನು ಕೂರಿಸಿಕೊಂಡು ಬಸುರಿನಿಂದ ಹಿಡಿದು ಇವತ್ತಿನವರೆಗೆ ಕೇಳಿದರು. ಯಾವಾಗ ನಕ್ಕ, ಯಾವಾಗ ಬೆರಳು ತೋರಿಸಿ "ಅದು ನೋಡು" ಅಂದ, ಹೆಸರು ಕರೆದರೆ ತಿರುಗ್ತಿದ್ದನಾ. ಆಮೇಲೆ ಪುಟ್ಟನ ಜತೆ ಆಟ. ಅದು ಬರೀ ಆಟ ಅಲ್ಲ, ಎದುರಿನವರು ಗುರುತು ಹಾಕ್ಕೊಳ್ತಿರ್ತಾರೆ. ಶಾಲೆಯ ಟೀಚರ್ ತುಂಬಿ ಕೊಟ್ಟ ಪ್ರಶ್ನಾವಳಿಯನ್ನೂ ನೋಡಿದರು. ಎಡಿಹೆಚ್‌ಡಿ ಅಂದರೆ ಗಮನ ನಿಲ್ಲದೆ ಚಡಪಡಿಸೋ ಲಕ್ಷಣಗಳು ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕಂತೆ. ಒಂದೇ ಕಡೆ ಕಂಡರೆ ಕಾರಣ ಬೇರೆಯೂ ಇರಬಹುದು.

ಭಾಷೆಯ ಫಜೀತಿ ಒಂದಿತ್ತು. ಚಿತ್ರದ ಕಾರ್ಡುಗಳಲ್ಲಿ ಒಂದು ಟೋಸ್ಟರ್! ನಮ್ಮ ಮನೆಯಲ್ಲಿ ರೊಟ್ಟಿ ತಟ್ಟೋದು, ಟೋಸ್ಟರ್ ಎಲ್ಲಿಂದ ಬರಬೇಕು? ಪುಟ್ಟ ಸುಮ್ಮನಿದ್ದ. ಪುಣ್ಯಕ್ಕೆ ಆ ಮೇಡಂ ಅರ್ಥ ಮಾಡಿಕೊಂಡು ಅದನ್ನು ಬದಿಗಿಟ್ಟರು. ಇದು ದೊಡ್ಡ ವಿಷಯವೇ. ನಮ್ಮ ದೇಶಕ್ಕೇ ಅಂತ ಒಂದು ಮಾಪಕ ಬಂದಿದ್ದು ಈಚೆಗೆ. ಇಸಾ ಅಂತಾರೆ, 2009ರಲ್ಲಿ ಬಿಡುಗಡೆ ಆಯ್ತು. 40 ಅಂಶಗಳು, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ.

ಎರಡನೇ ದಿನ ಸಂಜೆ ಹೇಳಿದರು. ಆಟಿಸಂ ಇದೆ, ಜತೆಗೆ ಎಡಿಹೆಚ್‌ಡಿಯೂ ಇದೆ. ಈ "ಜತೆಗೆ" ಕೂಡ ಹೊಸದು. 2013ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ ಆಟಿಸಂ ಇದ್ದವರಿಗೆ ಎಡಿಹೆಚ್‌ಡಿ ಅಂತ ಬರೆಯೋ ಹಾಗಿರಲಿಲ್ಲ.

ತಂಗಿ ಔಷಧಿ ಕೇಳಲಿಲ್ಲ, ವಾಸಿಯಾಗುತ್ತಾ ಅಂತಲೂ ಕೇಳಲಿಲ್ಲ. ಒಂದೇ ಪ್ರಶ್ನೆ. "ನಾನ್ ಏನರ ತಪ್ಪ್ ಮಾಡೀನೇನ್ರೀ ಮೇಡಂ?"

ಇಲ್ಲ ಅಂದರು ಅವರು. ಇನ್ನೊಂದು ಸಲ ಕೇಳಿದಳು. ಇನ್ನೊಂದು ಸಲ ಇಲ್ಲ ಅಂದರು. ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತಳು. 1969ರ ಆ ಸಭೆಯಲ್ಲೂ ಎಷ್ಟು ಜನ ಹೀಗೆ ಅತ್ತಿರಬೇಕು.

ವರದಿ ಇಂಗ್ಲಿಷಲ್ಲಿತ್ತು. ವಾಪಸ್ ಬರುವಾಗ ರೈಲಲ್ಲಿ ಕನ್ನಡದಲ್ಲಿ ಓದಿ ಹೇಳಿದೆ. ಆಟಿಸಂಗೆ ನಮ್ಮ ಪತ್ರಿಕೆಗಳು ಬಳಸೋ ಪದ ಸ್ವಲೀನತೆ. ತನ್ನಲ್ಲೇ ಲೀನ. "ಅಂದ್ರ ಧ್ಯಾನದಾಗ ಇದ್ದಂಗೇನು?" ಅಂದಳು ತಂಗಿ, ಎರಡು ದಿನದಲ್ಲಿ ಮೊದಲ ಸಲ ನಗುತ್ತಾ :-) ಮೂಲ ಪದವೂ ಅದೇ ಅರ್ಥದ್ದು. ಸ್ವಿಸ್ ವೈದ್ಯ ಬ್ಲಾಯ್ಲರ್ 1911ರ ಸುಮಾರಿಗೆ ಸ್ಕಿಜೋಫ್ರೇನಿಯಾ ರೋಗಿಗಳು ಒಳಸರಿಯುವುದಕ್ಕೆ ಇಟ್ಟ ಹೆಸರು. ಆ ನೆಂಟಸ್ತಿಕೆಯಿಂದ ಈ ಮಕ್ಕಳನ್ನೂ ಬಹಳ ವರ್ಷ ಅದೇ ಕಾಯಿಲೆಯ ಪಟ್ಟಿಗೆ ಸೇರಿಸಿದರು. ಅಮೆರಿಕದ ಕೈಪಿಡಿಯಲ್ಲಿ ಬೇರೆಯಾಗಿದ್ದು 1980ರಲ್ಲಿ.

ನಮ್ಮ ದೇಶದ ಕಾನೂನಲ್ಲೂ ಹೀಗೇ. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಹೆಸರು ಬಂತು. 2016ರ ಕಾಯ್ದೆಯ 21 ವಿಧಗಳಲ್ಲಿ ಸೇರಿತು. ಎಡಿಹೆಚ್‌ಡಿ ಆ ಪಟ್ಟಿಯಲ್ಲಿಲ್ಲ. ಇನ್ನೊಂದು ಮಾತು, ಇಂಥ ಮಕ್ಕಳಿರೋ ಗೆಳೆಯರಿಗೆ ಉಪಯೋಗ ಆಗಲಿ ಅಂತ. ಖಾಸಗಿ ವರದಿ ದಾರಿ ತೋರಿಸುತ್ತೆ, ಆದರೆ ಅದೇ ಸರ್ಕಾರಿ ಪ್ರಮಾಣಪತ್ರ ಅಲ್ಲ. ಅದಕ್ಕೆ ಸರ್ಕಾರ ಗುರುತಿಸಿದ ವೈದ್ಯಕೀಯ ಮಂಡಳಿ ಮುಂದೆ ಮತ್ತೆ ಹೋಗಬೇಕು. ನಾವೂ ಮತ್ತೆ ಸಾಲಲ್ಲಿ ನಿಂತೆವು. ಹಾಗೇ, ಎಲ್ಲರೂ ಖಾಸಗಿಗೇ ಹೋಗಬೇಕು ಅಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದೆ, 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. 2013ರಲ್ಲಿ ಬಂದ ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮದ ಪಟ್ಟಿಯಲ್ಲಿ ಆಟಿಸಂ, ಎಡಿಹೆಚ್‌ಡಿ ಎರಡೂ ಇವೆ. ಅಂಗನವಾಡಿಗೆ, ಶಾಲೆಗೆ ಬರೋ ಆ ತಂಡದವರನ್ನು ಕೇಳಿ, ಬಿಡಬೇಡಿ.

ನನ್ನನ್ನು ಕಾಡೋದು ಇಷ್ಟೆ. 1938ರಲ್ಲಿ ಬಾಲ್ಟಿಮೋರಿಗೆ ಹೋಗಬಲ್ಲವನ ಮಗನಿಗೆ ಹೆಸರು ಸಿಕ್ಕಿತು. ಇವತ್ತು ಬೆಂಗಳೂರಿಗೆ ಹೋಗಿ ತಿಂಗಳ ಪಗಾರ ಕೊಡಬಲ್ಲವನ ಮಗನಿಗೆ ಬೇಗ ಸಿಗುತ್ತೆ. ನಮ್ಮದೇ ಓಣಿಯಲ್ಲಿ ಇನ್ನೊಂದು ಹುಡುಗಿ ಇದ್ದಾಳೆ, ಅವಳ ಅವ್ವ ಕೂಲಿಗೆ ಹೋಗ್ತಾಳೆ. ಆ ಹುಡುಗಿಗೆ ಇನ್ನೂ "ಗಾಳಿ" ಅಂತಲೇ ಅಂತಾರೆ.

ಲೆಕ್ಕದ ಮಾವನ ಕಥೆ ಬಾಕಿ ಇತ್ತಲ್ಲ. ನಾನು ಹೈಸ್ಕೂಲಲ್ಲಿದ್ದಾಗ ಅವನು ಒಂದು ದಿನ ಸ್ಟೇಷನ್‌ಗೆ ಹೋಗಲಿಲ್ಲ. ಸಂಜೆ ಸಂಖ್ಯೆ ಹೇಳಲಿಲ್ಲ. ನಾಲ್ಕು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಹಟ ಅಂದುಕೊಂಡೆವು. ಐದನೇ ದಿನ ಬಳ್ಳಾರಿಗೆ ಒಯ್ದಾಗ ಅಪೆಂಡಿಕ್ಸ್ ಒಡೆದಿತ್ತು. ಹೊಟ್ಟೆ ನೋಯ್ತದೆ ಅಂತ ಹೇಳೋಕೆ ಅವನಿಗೆ ಬರ್ತಿರಲಿಲ್ಲ. ಎಣಿಸೋದು ನಿಲ್ಲಿಸಿದ್ದೇ ಅವನು ಹೇಳಿದ ರೀತಿ. ನಮಗೆ ತಿಳಿಯಲಿಲ್ಲ.

ಹೋದ ತಿಂಗಳು ಪುಟ್ಟ ಒಂದು ದಿನ ಡಬ್ಬಿ ಎಣಿಸಲಿಲ್ಲ. ತಂಗಿ ಸಂಜೆಗೇ ಡಾಕ್ಟರ ಬಳಿ ಓಡಿದಳು. ಕಿವಿಯೊಳಗೆ ಕೀವಾಗಿತ್ತು. ಔಷಧಿ ಹಾಕಿದರು. ಮೂರು ದಿನಕ್ಕೆ ಬಾಗಿಲಲ್ಲಿ ನಿಂತು "ಐವತ್ತೆಂಟು" ಅಂದ.

"ಹೌದೇನಪಾ" ಅಂದಳು ತಂಗಿ.

ನಿಮ್ಮ ಮನೆಯ ಹಳೆ ಕಥೆಗಳಲ್ಲೂ ಒಬ್ಬ ಲೆಕ್ಕದ ಮಾವ ಇರಬಹುದು. ನೆನಪಾದರೆ ಬರೆಯಿರಿ.