ಮೀಟರಿಲ್ಲದ ಮಾತು: ಪುಂಜಾಲಕಟ್ಟೆ ಕಡೆಯ ಗಲ್ಫ್ ಕರೆಗಳ ಕುರಿತು ಒಂದು ಟಿಪ್ಪಣಿ

ಇಂಟರ್ನೆಟ್ ಮೂಲಕ ಹೊರದೇಶಕ್ಕೆ ಮಾತನಾಡುವುದರಿಂದ ಏನು ಲಾಭ ಎಂದು ಕೇಳಿದರೆ ಎಲ್ಲರೂ ಮೊದಲು ಹೇಳುವುದು ದುಡ್ಡಿನ ಉಳಿತಾಯವನ್ನು. ಅದು ನಿಜ. ಆದರೆ ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯಲ್ಲಿ ವಗ್ಗ ದಾಟಿ, ಮಡಂತ್ಯಾರು ಸಿಗುವ ಮುಂಚೆ ಬರುವ ಪುಂಜಾಲಕಟ್ಟೆಯಂಥ ಪೇಟೆಯನ್ನು ಮುಂದಿಟ್ಟುಕೊಂಡು ನೋಡಿದರೆ ಇನ್ನೊಂದು ಬದಲಾವಣೆ ಹೆಚ್ಚು ಆಳವಾದದ್ದೆಂದು ನನಗನಿಸುತ್ತದೆ. ಮಾತನಾಡುವವನ ಕಣ್ಣೆದುರು ಓಡುತ್ತಿದ್ದ ಮೀಟರ್ ಈಗ ಇಲ್ಲ. ಎಷ್ಟು ಹೊತ್ತು ಮಾತು, ಯಾವ ವಿಷಯ, ಮನೆಯಲ್ಲಿ ಯಾರ ಕೈಗೆ ಫೋನು ಎಂಬುದನ್ನೆಲ್ಲ ಆ ಮೀಟರೇ ತೀರ್ಮಾನಿಸುತ್ತಿತ್ತು. ಅದು ಹೋದ ಮೇಲೆ ಏನಾಯಿತು ಎಂಬುದೇ ಈ ಟಿಪ್ಪಣಿಯ ವಿಷಯ.

ಊರಿನ ಭಾಷೆಯ ಸ್ಥಿತಿಯನ್ನು ಮೊದಲು ಹೇಳಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗಳು ಹತ್ತಿರ ಬರುವ ಈ ಭಾಗದಲ್ಲಿ ಮನೆಯೊಳಗೆ ತುಳು, ಬ್ಯಾರಿ ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ. ಹಾಗಾಗಿ ಗಲ್ಫಿಗೆ ಹೋದವರು ಊರಿಗೆ ಪತ್ರ ಬರೆದಾಗ ಮಾತು ಬೇರೆ, ಬರಹ ಬೇರೆ ಆಗುತ್ತಿತ್ತು. ಜೀವನದಲ್ಲಿ ಒಮ್ಮೆಯೂ ತಾಯಿಯೊಡನೆ ಕನ್ನಡದಲ್ಲಿ ಮಾತನಾಡದ ಮಗ, ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಆರಂಭಿಸಿ ಶಾಲೆಯಲ್ಲಿ ಕಲಿತ ಒಕ್ಕಣೆಯಲ್ಲಿ ಬರೆಯುತ್ತಿದ್ದ. ಓದಲು ಬಾರದ ತಾಯಿಗೆ ಪಕ್ಕದ ಮನೆಯ ಹೈಸ್ಕೂಲು ಹುಡುಗ ಅದನ್ನು ಓದಿ, ಓದುತ್ತಲೇ ತುಳುವಿಗೋ ಬ್ಯಾರಿಗೋ ತಿರುಗಿಸಿ ಹೇಳುತ್ತಿದ್ದ. ಗಂಡ ಹೆಂಡತಿಗೆ ಬರೆದದ್ದೂ ಎಷ್ಟೋ ಸಲ ಮೂರನೆಯವನ ಬಾಯಿಂದಲೇ ಹೊರಬರಬೇಕು. ಅಂಥ ಪತ್ರದಲ್ಲಿ ಯಾರು ಏನು ಬರೆದಾರು? ಹಣ ಕಳಿಸಿದ ವಿವರ, ಮನೆಗೆ ಹಂಚು ಹೊದಿಸಿದ ಲೆಕ್ಕ, ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ಮನಸ್ಸಿನ ಮಾತು ಬೇಕಾದವರು ಟೇಪ್‌ರೆಕಾರ್ಡರಿಗೆ ಮಾತನಾಡಿ, ಊರಿಗೆ ಹೊರಟವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದರು. 1970ರ ದಶಕದಲ್ಲಿ ಎಸ್.ಎ. ಜಮೀಲ್ ಅವರ ‘ದುಬೈ ಕತ್ತ್’ ಎಂಬ ಮಲಯಾಳ ಪತ್ರ-ಹಾಡು ಅಷ್ಟೊಂದು ಜನಪ್ರಿಯವಾದದ್ದಕ್ಕೆ ಈ ಹಿನ್ನೆಲೆಯೂ ಒಂದು ಕಾರಣ ಇರಬೇಕು. ಕಾಗದದ ಮೇಲೆ ಹೇಳಲಾಗದ ವಿರಹಕ್ಕೆ ಅದು ಬಾಯಿಯಾಯಿತು.

ಹಳ್ಳಿಗೆ ನೆಚ್ಚಬಹುದಾದ ಫೋನು ಬಂದದ್ದರಲ್ಲಿ ಸಿ-ಡಾಟ್ ಸಂಸ್ಥೆಯ ಪಾತ್ರ ದೊಡ್ಡದು. 1984ರಲ್ಲಿ ಶುರುವಾದ ಆ ಸಂಸ್ಥೆ ಹವಾನಿಯಂತ್ರಣದ ಕೋಣೆ ಬೇಡದ, ಸೆಖೆ ಧೂಳು ತಡೆದುಕೊಳ್ಳುವ ಚಿಕ್ಕ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿತು. ಅದರ ಮೊದಲನೆಯದು 1986ರಲ್ಲಿ ಕೆಲಸ ಆರಂಭಿಸಿದ್ದು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ-ಐಎಸ್‌ಡಿ ಬೂತ್‌ಗಳು ಬಂದವು. ಆದರೆ ಗಲ್ಫಿನ ಕರೆ ಬರುತ್ತಿದ್ದದ್ದು ಹೆಚ್ಚಾಗಿ ‘ಪಿಪಿ ನಂಬರಿ’ಗೆ, ಅಂದರೆ ಫೋನಿದ್ದ ನೆರೆಯವರ ಮನೆಗೆ. ನಮ್ಮ ಮನೆಯದೂ ಅದೇ ಕತೆ. ಅತ್ತಲಿಂದ ಒಮ್ಮೆ ಫೋನು ಬರುವುದು, ‘ಹತ್ತು ನಿಮಿಷ ಬಿಟ್ಟು ಮಾಡುತ್ತೇನೆ, ಕರೆಸಿಡಿ’ ಎನ್ನುವುದು, ಆ ಮನೆಯ ಮಗು ತೋಟ ದಾಟಿ ಓಡಿ ಬರುವುದು. ನಾವು ಏದುಸಿರು ಬಿಡುತ್ತಾ ಹೋಗಿ ಅವರ ಜಗಲಿಯಲ್ಲಿ ಕೂತಿರುವುದು. ಫೋನು ಬಂದರೆ ಅವರೆಲ್ಲರೆದುರು ಗಟ್ಟಿಯಾಗಿ ಮಾತನಾಡಬೇಕು. ಅಳು ಬಂದರೂ ಅಲ್ಲೇ.

ಬೂತಿನ ಒಳಗಿನ ಅನುಭವವನ್ನು ಮರೆಯಬಾರದು. ಗಾಜಿನ ಬಾಗಿಲು ಮುಚ್ಚಿದರೆ ಒಳಗೆ ಸೆಖೆ. ತಲೆಯ ಮೇಲೊಂದು ಪೆಟ್ಟಿಗೆ, ಅದರಲ್ಲಿ ಕೆಂಪು ಅಂಕಿಗಳು. ಐಎಸ್‌ಡಿ ಕರೆಯಲ್ಲಿ ಪಲ್ಸ್ ಎಷ್ಟು ಬೇಗ ಬೀಳುತ್ತಿತ್ತೆಂದರೆ ಅಂಕಿ ಓಡುವುದನ್ನು ನೋಡದೆ ಮಾತನಾಡುವುದು ಸಾಧ್ಯವೇ ಇರಲಿಲ್ಲ. ಕೊನೆಯಲ್ಲಿ ಪ್ರಿಂಟರ್ ಕರಕರ ಎಂದು ಒಂದು ಚೀಟಿ ಉಗುಳುತ್ತಿತ್ತು. ಆಗಿನ ಮಾತುಗಳ ಕ್ರಮ ಎಲ್ಲ ಮನೆಗಳಲ್ಲೂ ಒಂದೇ: ಹಣ ಬಂತಾ, ಯಾರಿಗೆ ಹುಷಾರಿಲ್ಲ, ಯಾವಾಗ ಬರುತ್ತಿ. ಬಾಯಿ ತುಳುವಿನಲ್ಲಿದ್ದರೂ ಮಾತಿನ ಅಳತೆ ಟೆಲಿಗ್ರಾಮಿನದು. ಮನೆಯ ಹಿರಿಯರು ಮೊದಲು, ಹೆಂಡತಿ ಕೊನೆಗೆ. ಅವಳ ಸರದಿ ಬರುವಷ್ಟರಲ್ಲಿ ದುಡ್ಡು ಮುಗಿದಿರುತ್ತಿತ್ತು.

ಕಾನೂನಿನ ಬಾಗಿಲು ತೆರೆದದ್ದು 2002ರ ಏಪ್ರಿಲ್ 1ರಂದು. ಅಂತಾರಾಷ್ಟ್ರೀಯ ಕರೆಗಳ ಮೇಲೆ ವಿಎಸ್‌ಎನ್‌ಎಲ್‌ಗಿದ್ದ ಏಕಸ್ವಾಮ್ಯ ಮುಗಿದ ಹೊತ್ತಿಗೇ ಇಂಟರ್ನೆಟ್ ಟೆಲಿಫೋನಿಗೂ ಅನುಮತಿ ಸಿಕ್ಕಿತು. ಅದಕ್ಕೆ ಮುಂಚೆ, 1999ರ ಹೊಸ ದೂರಸಂಪರ್ಕ ನೀತಿಯಲ್ಲಿ, ಸದ್ಯಕ್ಕೆ ಇದು ಬೇಡ ಎಂದೇ ಇತ್ತು. ಸಿಕ್ಕ ಅನುಮತಿಯೂ ಅರ್ಧದ್ದು: ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತನಾಡಬಹುದು, ಇಲ್ಲಿನ ಕಂಪ್ಯೂಟರಿನಿಂದ ಹೊರದೇಶದ ಫೋನಿಗೆ ಮಾತನಾಡಬಹುದು, ಆದರೆ ಇಂಟರ್ನೆಟ್ಟಿನಲ್ಲಿ ಬಂದ ಕರೆಯನ್ನು ದೇಶದೊಳಗಿನ ಮಾಮೂಲಿ ಫೋನಿಗೆ ಇಳಿಸುವಂತಿಲ್ಲ. ಹೀಗೆ ಇಳಿಸುವ ಕಳ್ಳದಾರಿಯ ಎಕ್ಸ್‌ಚೇಂಜ್‌ಗಳು ಬೆಳೆದದ್ದು ಈ ಅರೆಬಾಗಿಲಿನ ಸಂದಿನಲ್ಲಿ. ಗಲ್ಫಿನಿಂದ ‘ನೆಟ್ ಕಾಲ್’ ಬಂದಾಗ ಇಲ್ಲಿನ ಮೊಬೈಲಿನಲ್ಲಿ ಯಾವುದೋ ಊರಿನ ಸ್ಥಳೀಯ ನಂಬರು ಕಾಣುತ್ತಿದ್ದುದಕ್ಕೆ ಕಾರಣ ಅದು. ಆ ನಂಬರಿಗೆ ತಿರುಗಿ ಮಾಡಿದರೆ ಮಗ ಸಿಗುತ್ತಿರಲಿಲ್ಲ ಎಂಬ ಗೊಂದಲ ಎಷ್ಟೋ ತಾಯಂದಿರಿಗೆ ಉಳಿದುಹೋಗಿದೆ.

ತಂತ್ರದ ಕಡೆಯನ್ನು ಸ್ವಲ್ಪ ನೋಡೋಣ. ಹಳೆಯ ಕರೆಗೆ ಈ ತುದಿಯಿಂದ ಆ ತುದಿಗೆ ಒಂದು ದಾರಿಯನ್ನೇ ಮೀಸಲಿಡಬೇಕಿತ್ತು. ಸುಮ್ಮನೆ ಕೂತರೂ ಬಾಡಿಗೆ. ಇಂಟರ್ನೆಟ್ ಕರೆಯಲ್ಲಿ ದನಿಯನ್ನು ಸಾಮಾನ್ಯವಾಗಿ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಚೂರುಗಳಾಗಿ ಕತ್ತರಿಸಿ, ಚೂರಿಗೊಂದು ಸಂಖ್ಯೆ ಹಾಕಿ, ಇತರ ಎಲ್ಲ ಮಾಹಿತಿಯ ಜೊತೆ ಅದೇ ದಾರಿಯಲ್ಲಿ ಕಳಿಸುತ್ತಾರೆ. ಆ ಕಡೆ ಸಂಖ್ಯೆ ನೋಡಿ ಜೋಡಿಸಿಕೊಳ್ಳುತ್ತದೆ. ಒಂದೆರಡು ಚೂರು ಕಳೆದರೆ ಅಕ್ಕಪಕ್ಕದ ದನಿಯಿಂದ ತೇಪೆ ಹಾಕುತ್ತದೆ. ದನಿ ಮಾತ್ರವಾದರೆ ನಿಮಿಷಕ್ಕೆ ಒಂದು ಎಂಬಿಯೂ ಬೇಕಾಗದು, ಅಂದರೆ ಒಂದು ಜಿಬಿಯಲ್ಲಿ ಹದಿನಾರು ಗಂಟೆ ಧಾರಾಳ. ಉಪಗ್ರಹದ ಕಾಲದ ಕರೆಗಳನ್ನು ನೆನಪಿಟ್ಟವರಿಗೆ ಇನ್ನೊಂದು ವ್ಯತ್ಯಾಸ ಗೊತ್ತು. ಭೂಸ್ಥಿರ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ, ಮೇಲೆ ಹೋಗಿ ಕೆಳಗೆ ಬರಲು ದನಿಗೆ ಕಾಲು ಸೆಕೆಂಡು ಬೇಕು, ಉತ್ತರ ಬರಲು ಅರ್ಧ ಸೆಕೆಂಡು. ಆ ಅರ್ಧ ಸೆಕೆಂಡಿನಲ್ಲಿ ಇಬ್ಬರೂ ‘ಹಲೋ ಹಲೋ’ ಎಂದು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಮಂಗಳೂರಿನಿಂದ ದುಬೈಗೆ ನೇರ ಅಂತರ ಸುಮಾರು 2,500 ಕಿ.ಮೀ. ಮಾತ್ರ. ಈಗ ದನಿ ಹೋಗುವುದು ಅರಬ್ಬೀ ಸಮುದ್ರದ ತಳದ ಕೇಬಲ್ಲಿನಲ್ಲಿ. ಅದಕ್ಕೂ ಅಪಾಯ ಇಲ್ಲದಿಲ್ಲ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ಬಳಿ ಕೇಬಲ್‌ಗಳು ತುಂಡಾದಾಗ ಗಲ್ಫ್‌ ಮತ್ತು ಭಾರತ ಎರಡೂ ಕಡೆ ಇಂಟರ್ನೆಟ್ ಸೊರಗಿತ್ತು.

ಕಂಪ್ಯೂಟರ್ ಇಲ್ಲದ ಮನೆಗಳಿಗೆ 2002ರ ಅನುಮತಿಯಿಂದ ನೇರವಾಗಿ ಏನೂ ಸಿಗಲಿಲ್ಲ. ಅವರಿಗೆ ಲಾಭ ಮುಟ್ಟಿದ್ದು ವಾಟ್ಸ್‌ಆ್ಯಪ್‌ನಲ್ಲಿ 2015ರಲ್ಲಿ ದನಿಕರೆ, 2016ರ ನವೆಂಬರಿನಲ್ಲಿ ವೀಡಿಯೊ ಕರೆ ಬಂದ ಮೇಲೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾಗಿ ಡೇಟಾ ಬೆಲೆ ಕುಸಿದ ಮೇಲೆ. ಬಂಟ್ವಾಳ, ಬೆಳ್ತಂಗಡಿ ಕಡೆಯ ಬಹಳಷ್ಟು ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಕೂಲಿ ಸಾವಿರ ಬೀಡಿಗೆ ಇಂತಿಷ್ಟು ಎಂದು, ಗಂಟೆಗಲ್ಲ. ತುಳುವಿನಲ್ಲಿ ತಡ್ಪೆ ಎನ್ನುವ ಗೆರಸೆ ತೊಡೆಯ ಮೇಲೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಎರಡೂ ಕೈ ಬಿಡುವಿಲ್ಲ. ರಿಸೀವರ್ ಹಿಡಿಯಬೇಕಾದ ಕಾಲದಲ್ಲಿ ಫೋನೆಂದರೆ ಕೆಲಸ ನಿಂತಿತು ಎಂದರ್ಥ. ಕರೆಗೆ ದುಡ್ಡು ಅತ್ತ ಹೋದರೆ ಕೂಲಿ ಇತ್ತ ಹೋಗುತ್ತಿತ್ತು. ಈಗ ಫೋನು ಎಲೆಯ ಕಟ್ಟಿಗೆ ಒರಗಿ ನಿಂತಿರುತ್ತದೆ, ಸ್ಪೀಕರ್ ಹಾಕಿರುತ್ತದೆ. ‘ಒಣಸ್ ಆಂಡಾ?’ ಎಂಬ ಪ್ರಶ್ನೆಯಿಂದ ಶುರು. ಊಟವಾಯಿತೇ ಎಂದು ಐಎಸ್‌ಡಿ ಬೂತಿನಲ್ಲಿ ಕೇಳುವ ಧೈರ್ಯ ಯಾರಿಗಿತ್ತು? ಬೆರಳು ಬೀಡಿಯ ಬಾಯಿ ಮಡಚುತ್ತಿರುತ್ತದೆ, ಅತ್ತ ಅವನು ಅಡುಗೆ ಮಾಡುತ್ತಿರುತ್ತಾನೆ; ಒಂದಷ್ಟು ಹೊತ್ತು ಇಬ್ಬರೂ ಮಾತೇ ಆಡುವುದಿಲ್ಲ. ಕುಕ್ಕರಿನ ಸದ್ದು ಇಲ್ಲಿ ಕೇಳುತ್ತದೆ, ಮಳೆಯ ಸದ್ದು ಅಲ್ಲಿಗೆ. ನಡುವೆ ‘ಉಪ್ಪು ಎಷ್ಟು ಹಾಕಲಿ’ ಎಂದೊಂದು ಪ್ರಶ್ನೆ. ಮಾತಿಲ್ಲದ ಆ ಹೊತ್ತಿಗೆ ಬೆಲೆ ಕಟ್ಟುವವರಿಲ್ಲ ಎಂಬುದೇ ನಾನು ಹೇಳುವ ಲಾಭ. ದರಪಟ್ಟಿಗಳನ್ನು ಹೋಲಿಸುವ ಲೆಕ್ಕಾಚಾರದಲ್ಲಿ ಇದು ಸಿಗುವುದಿಲ್ಲ.

ಈ ಲಾಭ ಎಲ್ಲ ಮನೆಗೂ ಸಮನಾಗಿ ಬಂದಿಲ್ಲ. ಮಗ ಯಾವ ದೇಶದಲ್ಲಿದ್ದಾನೆ ಎಂಬುದರ ಮೇಲೆ ಹೋಗುತ್ತದೆ. ಸೌದಿ ಅರೇಬಿಯ 2017ರ ಸೆಪ್ಟೆಂಬರಿನಲ್ಲಿ, ತನ್ನ ನಿಬಂಧನೆ ಪಾಲಿಸುವ ಆ್ಯಪ್‌ಗಳ ಮೇಲಿದ್ದ ತಡೆಯನ್ನು ತೆಗೆಯಿತು. ಆದರೆ ಯುಎಇಯಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತಿತ್ತು, ಕರೆ ಹೋಗುತ್ತಿರಲಿಲ್ಲ. ಅಲ್ಲಿ ಪರವಾನಗಿ ಇದ್ದ ಎತಿಸಲಾತ್ ಮತ್ತು ಡು ಕಂಪನಿಗಳ ಮೂಲಕ ಬೋಟಿಮ್‌ನಂಥ ಒಪ್ಪಿತ ಆ್ಯಪ್ ಬಳಸಬೇಕಿತ್ತು. 2018ರ ಆರಂಭದಲ್ಲಿ ಅದರ ಶುಲ್ಕ ಮೊಬೈಲಿಗೆ ತಿಂಗಳಿಗೆ 50 ದಿರ್‌ಹಮ್. ನಮ್ಮೂರ ಫೋನುಗಳಲ್ಲಿ ವಾಟ್ಸ್‌ಆ್ಯಪ್, ಇಮೊ, ಬೋಟಿಮ್ ಮೂರೂ ಸಾಲಾಗಿ ಕೂತಿರುವುದಕ್ಕೆ ಕಾರಣ ಇದೇ: ದೊಡ್ಡವನಿಗೆ ಒಂದು, ಚಿಕ್ಕವನಿಗೆ ಒಂದು. ‘ವಿಪಿಎನ್ ಹಾಕಿಕೋ’ ಎಂದು ಇಲ್ಲಿಂದ ಬುದ್ಧಿ ಹೇಳುವವರನ್ನು ನಾನು ಕಂಡಿದ್ದೇನೆ. ಅವರಿಗೆ ಒಂದು ಮಾತು ತಿಳಿಸಲೇಬೇಕು. ವಿಪಿಎನ್‌ನಂಥದ್ದರಿಂದ ಐಪಿ ವಿಳಾಸ ಮರೆಸಿ ಅಪರಾಧ ಎಸಗಿದರೆ 5 ಲಕ್ಷದಿಂದ 20 ಲಕ್ಷ ದಿರ್‌ಹಮ್‌ವರೆಗೆ ದಂಡ ಎಂದು ಯುಎಇ 2016ರಲ್ಲಿ ಕಾನೂನು ತಿದ್ದಿದೆ. ಕೂಲಿಗೆಂದು ಹೋದ ಹುಡುಗನನ್ನು ಅಂಥ ಅಪಾಯಕ್ಕೆ ದೂಡುವುದು ಬೇಡ.

ಆ್ಯಪಿನಿಂದ ಆ್ಯಪಿಗೆ ಮಾಡುವ ಕರೆ ಒಂದು ಬಗೆ, ಇಂಟರ್ನೆಟ್ಟಿನಿಂದ ಮಾಮೂಲಿ ಫೋನಿಗೆ ಮಾಡುವುದು ಇನ್ನೊಂದು. ಮಗನ ಕಂಪನಿಯ ಕಚೇರಿಗೋ ಆಸ್ಪತ್ರೆಗೋ ಇಲ್ಲಿಂದ ವಿಚಾರಿಸಬೇಕಾದರೆ ಎರಡನೆಯದೇ ಬೇಕು. ಅದಕ್ಕೆ ಹೆಸರಾಗಿದ್ದ, 2003ರಲ್ಲಿ ಹುಟ್ಟಿದ ಸ್ಕೈಪ್ 2025ರ ಮೇ 5ಕ್ಕೆ ಮುಚ್ಚಿತು. ನಮ್ಮಲ್ಲಿ 2002ರ ಆ ಅರೆಬಾಗಿಲು ಇನ್ನಷ್ಟು ತೆರೆದದ್ದು 2018ರಲ್ಲಿ. ಆ ಜುಲೈಯಲ್ಲಿ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಎಂಬ ಸಿಮ್ ಇಲ್ಲದ ಸೇವೆಯನ್ನು ವರ್ಷಕ್ಕೆ 1,099 ರೂಪಾಯಿಗೆ ಪ್ರಕಟಿಸಿತು. ವಿಚಾರ ಒಳ್ಳೆಯದಿತ್ತು, ಆದರೆ ನಮ್ಮ ಕಡೆ ಅದರ ಹೆಸರು ಹೇಳಿದವರನ್ನು ನಾನು ಕಾಣಲಿಲ್ಲ.

ಒಂದು ನಷ್ಟವನ್ನೂ ಬರೆದಿಡಬೇಕು. ತಾಮ್ರದ ತಂತಿಯ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು; ಮನೆಯಲ್ಲಿ ಕರೆಂಟ್ ಹೋದರೂ ಡಯಲ್ ಟೋನ್ ಇರುತ್ತಿತ್ತು. ಈಗ ತುಳುವರ ಆಟಿ ತಿಂಗಳ ಗಾಳಿಮಳೆಗೆ ಮರ ಬಿದ್ದು ಲೈನು ಹೋದರೆ ಮೋಡೆಮ್ ಆರುತ್ತದೆ, ಟವರಿನ ಬ್ಯಾಟರಿ ಮುಗಿದರೆ ರೇಂಜೂ ಇಲ್ಲ. ಅತ್ತ ಮಗ ಹತ್ತು ಸಲ ಮಾಡಿ ಗಾಬರಿಯಾಗುತ್ತಾನೆ. ವಾರಕ್ಕೊಮ್ಮೆ ಕರೆ ಬರುತ್ತಿದ್ದ ಕಾಲದಲ್ಲಿ ಒಂದು ದಿನದ ಮೌನಕ್ಕೆ ಯಾರೂ ಹೆದರುತ್ತಿರಲಿಲ್ಲ.

ವಾರದ ಆ ಕರೆಯ ದಿನ ಶುಕ್ರವಾರವಾಗಿತ್ತು. ಗಲ್ಫಿನಲ್ಲಿ ರಜೆ, ಅಲ್ಲಿನ ಗಡಿಯಾರ ದುಬೈಯಲ್ಲಾದರೆ ಒಂದೂವರೆ ಗಂಟೆ, ಸೌದಿ ಕುವೈತಿನಲ್ಲಾದರೆ ಎರಡೂವರೆ ಗಂಟೆ ಹಿಂದೆ. ಆ ಲೆಕ್ಕ ಶಾಲೆಗೆ ಹೋಗದ ಅಜ್ಜಿಯರಿಗೂ ಬಾಯಿಪಾಠ. 2022ರ ಜನವರಿಯಲ್ಲಿ ಯುಎಇ ಸರಕಾರಿ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಿಸಿದಾಗ, ದಿನವೂ ಮಾತನಾಡುವ ಮನೆಗಳಿಗೆ ಅದು ದೊಡ್ಡ ವಿಷಯವಾಗಲಿಲ್ಲ.

ಸಂಶೋಧಕನಾಗಿ ನನ್ನ ಚಿಂತೆ ಬೇರೆ. ಪತ್ರಗಳು ಉಳಿದಿವೆ, ಅಟ್ಟದ ಟ್ರಂಕಿನಲ್ಲಿ, ನೀಲಿ ಏರೋಗ್ರಾಮುಗಳಲ್ಲಿ, ಕನ್ನಡದಲ್ಲಿ. ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿದೆ, ಆದರೂ ಕೆಲವನ್ನು ಉಳಿಸಬಹುದು. ಕರೆಗಳು ಏನನ್ನೂ ಉಳಿಸಿಲ್ಲ. ಆದರೆ ಕರೆ ಹೋಗದ ಹೊತ್ತಿಗೆ ಕಳಿಸಿದ ದನಿ ಸಂದೇಶಗಳು ಹಳೆಯ ಫೋನುಗಳಲ್ಲಿ ಇವೆ. ಮನೆಯ ತುಳು, ಮನೆಯ ಬ್ಯಾರಿ, ಮನೆಯ ಕೊಂಕಣಿ, ಯಾರೂ ತಿದ್ದದ, ಯಾರ ಎದುರೂ ನಾಚದ ಮಾತು ಇಷ್ಟು ಪ್ರಮಾಣದಲ್ಲಿ ಹಿಂದೆಂದೂ ದಾಖಲಾಗಿಲ್ಲ. ಮನೆಯವರ ಒಪ್ಪಿಗೆ ಇದ್ದಷ್ಟನ್ನು ಮಾತ್ರ, ಹೆಸರು ತೆಗೆದು, ಸಂಗ್ರಹಿಸುವ ಕೆಲಸವನ್ನು ಮೂರು ಭಾಷೆಗಳ ಅಕಾಡೆಮಿಗಳು ಕೈಗೆತ್ತಿಕೊಳ್ಳಬಹುದು. ಫೋನು ಬದಲಿಸುವಾಗ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವ ಮೊದಲು ತಾಯಿಯ ದನಿಯನ್ನಾದರೂ ತೆಗೆದಿಡಿ ಎಂದು ನಾನು ಕಂಡ ಮನೆಗಳಲ್ಲಿ ಹೇಳುತ್ತಾ ಬಂದಿದ್ದೇನೆ. ಒಬ್ಬರು ಮೆಮೊರಿ ಕಾರ್ಡ್ ಕಳಚಿ, ಬೀಡಿ ನೂಲು ಸುತ್ತಿ, ಮದುವೆಯ ಆಲ್ಬಮಿನೊಳಗೆ ಇಟ್ಟಿದ್ದಾರೆ.