ಮುದುಕಿಯರ ರಕ್ತ ಹೇಳಿದ ಕಥೆ

ಕೂದಲು ನರೆಯುವುದು ಕನ್ನಡಿಯಲ್ಲಿ ಕಾಣುತ್ತದೆ. ರಕ್ತಕ್ಕೂ ವಯಸ್ಸಾಗುತ್ತದೆ ಎಂಬುದು ಕಾಣುವುದಿಲ್ಲ. ಅದನ್ನು ಮೊದಲು ತೋರಿಸಿಕೊಟ್ಟದ್ದು ಹೆಂಗಸರ ರಕ್ತ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಮೂಳೆಯೊಳಗಿನ ಮಜ್ಜೆಯಲ್ಲಿ ಕಾಂಡಕೋಶಗಳಿವೆ. ನಮ್ಮ ರಕ್ತಕಣಗಳೆಲ್ಲ ಅವುಗಳ ಮಕ್ಕಳು. ಹೆಂಗಸರ ಜೀವಕೋಶದಲ್ಲಿ ಎಕ್ಸ್ ವರ್ಣತಂತುಗಳು ಎರಡು, ತಾಯಿಯದೊಂದು, ತಂದೆಯದೊಂದು. ಭ್ರೂಣವಾಗಿದ್ದಾಗಲೇ ಪ್ರತಿ ಕೋಶವೂ ಇವುಗಳಲ್ಲಿ ಯಾವುದಾದರೂ ಒಂದನ್ನು ಸುಮ್ಮನಾಗಿಸುತ್ತದೆ. 1961ರಲ್ಲಿ ಇದನ್ನು ಹೇಳಿದವರು ಇಂಗ್ಲೆಂಡಿನ ಮೇರಿ ಲಯನ್ ಎಂಬ ವಿಜ್ಞಾನಿ. ಹಾಗಾಗಿ ಹರೆಯದ ಹೆಣ್ಣಿನ ರಕ್ತದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಣಗಳೂ ಬೆರೆತಿರುತ್ತವೆ.

1996ರಲ್ಲಿ ಕೆನಡಾದ ಲ್ಯಾಂಬರ್ಟ್ ಬುಸ್ಕ್ ಮತ್ತು ಸಂಗಡಿಗರು ಹಸುಗೂಸುಗಳು, 30ರ ಆಸುಪಾಸಿನವರು, 60 ದಾಟಿದವರು ಹೀಗೆ ಹೆಣ್ಣುಮಕ್ಕಳ ರಕ್ತ ನೋಡಿದರು. ಹಿರಿಯರಲ್ಲಿ ಅನೇಕರಿಗೆ ತಕ್ಕಡಿ ಒಂದೇ ಕಡೆ ವಾಲಿತ್ತು. ಕೆಲವೇ ಕಾಂಡಕೋಶಗಳ ಸಂತಾನ ಬೆಳೆದು ಉಳಿದವನ್ನು ಹಿಂದಿಕ್ಕಿತ್ತು. 2012ರಲ್ಲಿ ಅಂಥ ಕೆಲವರಲ್ಲಿ ಕಾರಣವೂ ಸಿಕ್ಕಿತು: ಟೆಟ್-2 ಎಂಬ ಜೀನಿನಲ್ಲಿ ಆದ ಬದಲಾವಣೆ. ಗಂಡಸರಲ್ಲೂ ಹೀಗಾಗುತ್ತದೆ. 65 ದಾಟಿದ ನೂರು ಜನರಲ್ಲಿ ಸುಮಾರು ಹತ್ತು ಮಂದಿಗೆ ಇಂಥ ಬದಲಾವಣೆ ಇರುತ್ತದೆಂದು 2014ರಲ್ಲಿ ತಿಳಿಯಿತು.

ವಯಸ್ಸೊಂದೇ ಅಲ್ಲ, ಬೀಡಿ ಸಿಗರೇಟಿನ ಹೊಗೆಯೂ ಇದಕ್ಕೆ ಕೈಜೋಡಿಸುತ್ತದೆ. 2001ರಲ್ಲಿ ನ್ಯೂಯಾರ್ಕಿನ ಅವಳಿ ಕಟ್ಟಡಗಳು ಕುಸಿದಾಗ ಆ ದೂಳು ಕುಡಿದ ಅಗ್ನಿಶಾಮಕ ದಳದವರಲ್ಲಿ, ಅದು ಸೋಕದ ಅಗ್ನಿಶಾಮಕರಿಗಿಂತ ಇಂಥ ಬದಲಾವಣೆ ಹೆಚ್ಚೆಂದು 2022ರಲ್ಲಿ ಗೊತ್ತಾಯಿತು.

ಹಾಗೆಂದು ಹೆದರಬೇಕಿಲ್ಲ. 115 ವರ್ಷ ಬದುಕಿ 2005ರಲ್ಲಿ ತೀರಿಕೊಂಡ ಹಾಲೆಂಡಿನ ವಾನ್ ಆಂಡೆಲ್ ಶಿಪ್ಪರ್ ಎಂಬ ಅಜ್ಜಿ ತಮ್ಮ ದೇಹವನ್ನು ವಿಜ್ಞಾನಕ್ಕೆ ಬಿಟ್ಟುಕೊಟ್ಟಿದ್ದರು. ಅವರ ಬಿಳಿ ರಕ್ತಕಣಗಳಲ್ಲಿ 400ಕ್ಕೂ ಮಿಕ್ಕಿ ಬದಲಾವಣೆಗಳಿದ್ದವು. ಬಹುಪಾಲು ಕಣಗಳು ಎರಡೇ ಕಾಂಡಕೋಶಗಳಿಂದ ಬಂದವು. ಆದರೂ ಅವರಿಗೆ ರಕ್ತದ ಕಾಯಿಲೆ ಇರಲಿಲ್ಲ. ಈ ಬದಲಾವಣೆ ಇರುವವರಲ್ಲಿ ರಕ್ತದ ಕ್ಯಾನ್ಸರಿಗೆ ತಿರುಗುವುದು ವರ್ಷಕ್ಕೆ ನೂರರಲ್ಲಿ ಹೆಚ್ಚೆಂದರೆ ಒಬ್ಬರಿಗೆ. ಹೃದಯದ ಕಾಯಿಲೆಯ ಸಂಭವ ಮಾತ್ರ ಕೊಂಚ ಹೆಚ್ಚು.

ನಮ್ಮ ಅತ್ತೆಯವರಿಗೆ ಎಪ್ಪತ್ತೆಂಟರಲ್ಲಿ ರಕ್ತದ ಕ್ಯಾನ್ಸರ್ ಬಂತು. ನೆಂಟರು 'ತವರಿನಿಂದ ತಂದ ರಕ್ತ' ಎಂದರು. ಮೊಮ್ಮಗಳಿಗೆ ಬಂದ ಒಂದು ಸಂಬಂಧ ಆ ಮಾತಿನಿಂದಲೇ ತಪ್ಪಿಹೋಯಿತು. ಕೆಲವು ಮನೆತನಗಳಲ್ಲಿ ರಕ್ತದ ಕಾಯಿಲೆ ವಂಶವಾಹಿಯಾಗಿ ಬರುವುದುಂಟು, ಆದರೆ ಅದು ವಿರಳ. ವಯಸ್ಸಿನ ಜೊತೆ ಮಜ್ಜೆಯಲ್ಲಿ ಆಗುವ ಬದಲಾವಣೆ ಮಜ್ಜೆಯಲ್ಲೇ ಉಳಿಯುತ್ತದೆ, ಮಕ್ಕಳಿಗೆ ದಾಟುವುದಿಲ್ಲ. ಸಂಬಂಧ ಕುದುರಿಸುವಾಗ ಯಾರಾದರೂ ಅಜ್ಜಿಯ ರಕ್ತದ ಮಾತೆತ್ತಿದರೆ, ಅಜ್ಜಿಗೆ ಆಗ ಎಷ್ಟು ವಯಸ್ಸಾಗಿತ್ತು ಎಂದು ಮೊದಲು ಕೇಳಿ.